ಪಾಲ್ ಎರ್ಲಿಕ್: ಕಣ್ಣಿನ ಇಂಜೆಕ್ಷನ್ನಿಗೆ ದಾರಿ ಮಾಡಿದ ಬಣ್ಣದ ಹುಚ್ಚು

ವೈದ್ಯರು ಎಎಂಡಿ ಎಂದು ಬರೆಯುವ, ವಯಸ್ಸಾದಂತೆ ಮ್ಯಾಕುಲಾ ಸವೆಯುವ ಕಾಯಿಲೆಗೆ ನಿಮಗೋ ನಿಮ್ಮ ಮನೆಯವರಿಗೋ ಚಿಕಿತ್ಸೆ ನಡೆಯುತ್ತಿದ್ದರೆ, ಆಸ್ಪತ್ರೆಯ ಫೈಲನ್ನು ಒಮ್ಮೆ ತೆರೆದು ನೋಡಿ. ನೀವು ಪುಣೆಯಲ್ಲಿರಿ, ದೆಹಲಿಯಲ್ಲಿರಿ, ಫೈಲಿನ ಭಾಷೆ ಇಂಗ್ಲಿಷೇ. ಅದರಲ್ಲಿ ಎಫ್‌ಎಫ್‌ಎ ಎಂಬ ಪರೀಕ್ಷೆಯ ಹೆಸರು ಇರಬಹುದು. ‘ಮ್ಯಾಬ್’ ಎಂದು ಕೊನೆಯಾಗುವ ಔಷಧದ ಹೆಸರು ಇರಬಹುದು. ಹೊಸ ಔಷಧಗಳ ಬಗ್ಗೆ ವಿಚಾರಿಸಿದವರಿಗೆ ಕಾಂಪ್ಲಿಮೆಂಟ್ ಎಂಬ ಪದವೂ ಕಿವಿಗೆ ಬಿದ್ದಿರುತ್ತದೆ. ಈ ಮೂರರ ಬೇರನ್ನೂ ಹುಡುಕುತ್ತಾ ಹೋದರೆ ಒಬ್ಬರೇ ಮನುಷ್ಯ ಸಿಗುತ್ತಾರೆ. ಅವರು ಕಣ್ಣಿನ ವೈದ್ಯರಲ್ಲ. ತೀರಿಕೊಂಡು ನೂರು ವರ್ಷದ ಮೇಲಾಯಿತು. ಹೆಸರು ಪಾಲ್ ಎರ್ಲಿಕ್.

ಅವರ ಕಥೆಗೆ ಹೋಗುವ ಮುನ್ನ ಕಾಯಿಲೆಯ ಬಗ್ಗೆ ಎರಡು ಮಾತು. ಕಣ್ಣಿನ ಹಿಂಭಾಗದ ಪರದೆಯನ್ನು ಅಕ್ಷಿಪಟಲ ಅಥವಾ ರೆಟಿನಾ ಎನ್ನುತ್ತೇವೆ. ಅದರ ನಡುವಿನ ಪುಟ್ಟ ಜಾಗವೇ ಮ್ಯಾಕುಲಾ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲವೂ ಈ ಜಾಗದ ಕೆಲಸ. ಒಣ ಬಗೆಯಲ್ಲಿ ಇದು ನಿಧಾನವಾಗಿ ಸವೆಯುತ್ತದೆ. ಒದ್ದೆ ಬಗೆಯಲ್ಲಿ ಅಕ್ಷಿಪಟಲದ ಕೆಳಗೆ ಬೇಡದ ರಕ್ತನಾಳಗಳು ಹುಟ್ಟಿ, ಸೋರಿ, ದೃಷ್ಟಿಯನ್ನು ಬೇಗ ಕೆಡಿಸುತ್ತವೆ. ನೇರ ಗೆರೆಗಳು ಡೊಂಕಾಗಿ ಕಾಣತೊಡಗಿದರೆ ಅದು ಒದ್ದೆ ಬಗೆಯ ಸೂಚನೆ ಇರಬಹುದು. ಆಗ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಕೂಡಲೇ ತೋರಿಸಬೇಕು.

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಆಗಿನ ಪ್ರಷ್ಯಾದ ಸ್ಟ್ರೇಲೆನ್ ಎಂಬ ಸಣ್ಣ ಊರಿನ ಯಹೂದಿ ಕುಟುಂಬದಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್ ಅವರಿಗಿಂತ ಒಂಬತ್ತು ವರ್ಷ ದೊಡ್ಡವರು. ದೇಹದ ಅಂಗಾಂಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದರಲ್ಲಿ ಪಳಗಿದ ಕೈ ಅದು. ಆ ಕಾಲಕ್ಕೆ ಜರ್ಮನಿಯ ಕಾರ್ಖಾನೆಗಳು ಕಲ್ಲಿದ್ದಲಿನ ಡಾಂಬರಿನಿಂದ ಬಗೆಬಗೆಯ ಕೃತಕ ಬಣ್ಣ ತಯಾರಿಸುತ್ತಿದ್ದವು. ಬಟ್ಟೆಗೆಂದು ಬಂದ ಆ ಬಣ್ಣಗಳು ವೈದ್ಯ ವಿದ್ಯಾರ್ಥಿ ಎರ್ಲಿಕ್ ಅವರ ತಲೆಯನ್ನೇ ಹೊಕ್ಕವು. ಕೈ, ಮೇಜು, ಬಟ್ಟೆ ಎಲ್ಲವೂ ರಂಗುರಂಗು. ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ಎಂದು ವಿಶ್ವವಿದ್ಯಾಲಯಗಳನ್ನು ಬದಲಿಸುತ್ತಾ ಓದಿದರು. 1878ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯವೂ ಬಣ್ಣ ಹಾಕುವುದೇ.

ಅವರನ್ನು ಬಿಡದೆ ಕಾಡಿದ್ದು ಒಂದು ಸರಳ ಪ್ರಶ್ನೆ. ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಹಿಡಿದು, ಪಕ್ಕದ ಇನ್ನೊಂದಕ್ಕೆ ಯಾಕೆ ಹಿಡಿಯುವುದಿಲ್ಲ? ಈ ಹುಡುಕಾಟದಿಂದ ಬಂದದ್ದನ್ನು ನೀವು ಈಗಾಗಲೇ ಬಳಸುತ್ತಿದ್ದೀರಿ. ರಕ್ತಪರೀಕ್ಷೆಯ ವರದಿಯಲ್ಲಿ ಬಿಳಿ ರಕ್ತಕಣಗಳನ್ನು ಬೇರೆಬೇರೆಯಾಗಿ ಎಣಿಸಿರುತ್ತಾರಲ್ಲ, ಆ ವಿಂಗಡಣೆ ಎರ್ಲಿಕ್ ಅವರ ಬಣ್ಣಗಳಿಂದ ಶುರುವಾಯಿತು. ಇಯೋಸಿನೋಫಿಲ್ ಎಂಬ ಹೆಸರಿನಲ್ಲೇ ಇಯೋಸಿನ್ ಎಂಬ ಬಣ್ಣ ಕೂತಿದೆ.

1882ರಲ್ಲಿ, ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅವರು ಕಣ್ಣಿನ ಕಡೆ ತಿರುಗಿದರು. ಫ್ಲೋರೆಸಿನ್ ಎಂಬ ಬಣ್ಣವನ್ನು ಮೊಲಗಳ ದೇಹಕ್ಕೆ ಕೊಟ್ಟು ಕಣ್ಣನ್ನು ಗಮನಿಸಿದರು. ಕಣ್ಣಿನ ಮುಂಭಾಗದ ದ್ರವದಲ್ಲಿ ಹೊಳೆಯುವ ಹಸಿರು ಗೆರೆಯೊಂದು ಮೂಡಿತು. ಕಣ್ಣಿನೊಳಗೆ ದ್ರವ ಹೇಗೆ ಹರಿಯುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಸುಮಾರು ಎಂಬತ್ತು ವರ್ಷಗಳ ನಂತರ, 1961ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್ ಎಂಬ ಇಬ್ಬರು ಯುವಕರು ಅದೇ ಫ್ಲೋರೆಸಿನ್ನನ್ನು ಮನುಷ್ಯರ ತೋಳಿನ ರಕ್ತನಾಳಕ್ಕೆ ಕೊಟ್ಟು, ಅಕ್ಷಿಪಟಲದ ರಕ್ತನಾಳಗಳ ಫೋಟೋ ತೆಗೆದ ವಿಧಾನವನ್ನು ಪ್ರಕಟಿಸಿದರು. ನಿಮ್ಮ ಫೈಲಿನ ಎಫ್‌ಎಫ್‌ಎ ಇದೇ. ಈಗ ಬಹಳ ಕಡೆ ಒಸಿಟಿ ಸ್ಕ್ಯಾನೇ ಮುಂದಾಗಿದೆ. ಆದರೂ ನಾಳ ಎಲ್ಲಿ ಸೋರುತ್ತಿದೆ ಎಂದು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ ಮಾಡಿಸುವುದುಂಟು. ಆ ದಿನ ಚರ್ಮ ಸ್ವಲ್ಪ ಹಳದಿಯಾಗುತ್ತದೆ. ಮೂತ್ರ ಒಂದು ದಿನದ ಮಟ್ಟಿಗೆ ಗಾಢ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಾಮಾಲೆ ಎಂದು ಗಾಬರಿಯಾಗಬೇಡಿ, ಬಣ್ಣ ಹೊರಹೋಗುತ್ತಿದೆ, ಅಷ್ಟೆ. ಕೆಲವರಿಗೆ ಸ್ವಲ್ಪ ಹೊತ್ತು ವಾಕರಿಕೆ ಬರುತ್ತದೆ. ಅಪರೂಪಕ್ಕೆ ಅಲರ್ಜಿಯೂ ಆಗುವುದರಿಂದ, ಹಿಂದೆ ಯಾವುದೇ ಔಷಧಕ್ಕೆ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ.

1883ರಲ್ಲಿ ಹೆಡ್ವಿಗ್ ಪಿಂಕುಸ್ ಅವರೊಂದಿಗೆ ಮದುವೆಯಾಯಿತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಆಮೇಲೆ ಎರ್ಲಿಕ್ ಅವರಿಗೇ ಕ್ಷಯ ತಗುಲಿತು. ಹವಾ ಬದಲಾವಣೆಗೆಂದು ಈಜಿಪ್ಟಿಗೆ ಹೋಗಿದ್ದು 1889ರಲ್ಲಿ ಚೇತರಿಸಿಕೊಂಡು ಬರ್ಲಿನ್ನಿಗೆ ಮರಳಿದರು. ಸ್ವಲ್ಪ ಕಾಲದಲ್ಲೇ ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಅವರ ಸಂಸ್ಥೆ ಸೇರಿದರು.

ಅಲ್ಲಿ ನಡೆದ ಒಂದು ಪ್ರಯೋಗಕ್ಕೆ ಬಳಕೆಯಾದ ವಸ್ತು ನಮಗೆ ಚೆನ್ನಾಗಿ ಗೊತ್ತು: ಗುಲಗಂಜಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನ ತೂಗುತ್ತಿದ್ದ, ಕಪ್ಪು ಚುಕ್ಕೆಯ ಆ ಕೆಂಪು ಬೀಜದೊಳಗೆ ಅಬ್ರಿನ್ ಎಂಬ ಘೋರ ನಂಜಿದೆ. ಔಡಲ ಬೀಜದಲ್ಲಿ ರೈಸಿನ್ ಎಂಬ ಅದರ ಬಂಧು ಇದೆ. 1891ರ ಸುಮಾರಿಗೆ ಎರ್ಲಿಕ್ ಇಲಿಗಳಿಗೆ ಈ ನಂಜುಗಳನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಹಂತಹಂತವಾಗಿ ಏರಿಸುತ್ತಾ ಕೊಟ್ಟರು. ಕೊನೆಗೆ ಆ ಇಲಿಗಳು ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣದ ಎಷ್ಟೋ ಪಟ್ಟು ನಂಜನ್ನು ತಡೆದುಕೊಂಡವು. ಆದರೆ ಗುಲಗಂಜಿಗೆ ಜಗ್ಗದ ಇಲಿ ಔಡಲದ ನಂಜಿಗೆ ಸತ್ತಿತು. ದೇಹ ತಯಾರಿಸಿದ ರಕ್ಷಕ ವಸ್ತು, ಅಂದರೆ ಪ್ರತಿಕಾಯ, ತನ್ನ ಗುರಿಯನ್ನು ಮಾತ್ರ ಗುರುತಿಸುತ್ತದೆ. ಬೀಗಕ್ಕೆ ಅದರದೇ ಕೀಲಿಕೈ. ಬಣ್ಣದ ಹಳೆಯ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿತ್ತು.

ಇದೇ ಹೊತ್ತಿಗೆ ಅವರ ಸಹೋದ್ಯೋಗಿ ಎಮಿಲ್ ಫಾನ್ ಬೇರಿಂಗ್ ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಪ್ರಾಣಿಗಳ ರಕ್ತದಿಂದ ತೆಗೆದ ಸೀರಮ್ ತಯಾರಿಸುತ್ತಿದ್ದರು. ತೊಂದರೆ ಎಂದರೆ ಒಂದು ಸಲದ ಸೀರಮ್ ಮಗುವನ್ನು ಉಳಿಸುತ್ತಿತ್ತು, ಇನ್ನೊಂದು ಸಲದ್ದು ನೀರಿನಂತೆ ಸುಮ್ಮನಿರುತ್ತಿತ್ತು. ಎಷ್ಟು ಸೀರಮ್ಮಿನಲ್ಲಿ ಎಷ್ಟು ಶಕ್ತಿಯಿದೆ ಎಂದು ಅಳೆಯುವ ನಿಖರ ವಿಧಾನವನ್ನು, ಯೂನಿಟ್ ಎಂಬ ಅಳತೆಯನ್ನು, ಎರ್ಲಿಕ್ ಗಟ್ಟಿಗೊಳಿಸಿದರು. ಜೀವಚರಿತ್ರೆ ಬರೆಯುವವರು ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಫಾರ್ಮಸಿ ಓದಿದ ನಮ್ಮಂಥವರಿಗೆ ಅವರ ಇಡೀ ಬದುಕಿನ ದೊಡ್ಡ ಕೆಲಸ ಇದೇ ಅನಿಸುತ್ತದೆ. ಒಂದು ಸೀಸೆಯಲ್ಲಿ ಇರುವಷ್ಟೇ ಮದ್ದು ಇನ್ನೊಂದರಲ್ಲೂ ಇದೆ ಎಂಬ ಭರವಸೆಯಿಲ್ಲದಿದ್ದರೆ ಎಂಥ ಔಷಧವೂ ಜೂಜು. ಸೀರಮ್ಮಿನ ಹಣ ಮತ್ತು ಹೆಸರಿನ ವಿಚಾರದಲ್ಲಿ ಇಬ್ಬರ ನಡುವೆ ಬಿರುಕು ಬಿಟ್ಟಿತು. ಬೇರಿಂಗ್ ಶ್ರೀಮಂತರಾದರು, 1901ರಲ್ಲಿ ವೈದ್ಯವಿಜ್ಞಾನದ ಮೊದಲ ನೊಬೆಲ್ ಪಡೆದರು. ಎರ್ಲಿಕ್ ಅವರಿಗೆ 1896ರಲ್ಲಿ ಸೀರಮ್ ಪರೀಕ್ಷಿಸುವ ಸಣ್ಣದೊಂದು ಸರ್ಕಾರಿ ಸಂಸ್ಥೆ ಸಿಕ್ಕಿತು, 1899ರಲ್ಲಿ ಅದು ಫ್ರಾಂಕ್‌ಫರ್ಟಿಗೆ ಹೋಯಿತು. ದಿನಕ್ಕೆ ಇಪ್ಪತ್ತೈದರಷ್ಟು ಚುಟ್ಟ ಸೇದುತ್ತಾ, ಕೆಲಸಗಾರರಿಗೆ ಬಣ್ಣಬಣ್ಣದ ಚೀಟಿಗಳಲ್ಲಿ ಆ ದಿನದ ಕೆಲಸ ಬರೆದುಕೊಡುತ್ತಾ ಉಳಿದ ಆಯಸ್ಸನ್ನು ಆ ಊರಿನಲ್ಲೇ ಕಳೆದರು.

1897ರಲ್ಲಿ ಪ್ರತಿಕಾಯ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ವಿವರಣೆ ಕೊಟ್ಟರು. ಜೀವಕೋಶದ ಮೈಮೇಲೆ ಕೊಂಡಿಗಳಿವೆ. ನಂಜು ಬಂದು ತನಗೆ ಹೊಂದುವ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಕೆಲಸ ನಿಂತ ಆ ಕೊಂಡಿಯ ಬದಲಿಗೆ ಜೀವಕೋಶ ಹೊಸ ಕೊಂಡಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುತ್ತದೆ. ಹೆಚ್ಚಾದವು ಕಳಚಿ ರಕ್ತದಲ್ಲಿ ತೇಲುತ್ತವೆ. ಮುಂದಿನ ಸಲ ನಂಜು ಬಂದಾಗ, ಅದು ಜೀವಕೋಶ ಮುಟ್ಟುವ ಮೊದಲೇ ಈ ತೇಲುವ ಕೊಂಡಿಗಳು ಹಿಡಿದುಬಿಡುತ್ತವೆ. ವಿವರಗಳಲ್ಲಿ ಅವರ ಊಹೆ ಎಲ್ಲ ಸರಿಯಿರಲಿಲ್ಲ. ಪ್ರತಿಕಾಯ ತಯಾರಿಸುವುದಕ್ಕೆಂದೇ ಬೇರೆ ಜೀವಕೋಶಗಳಿವೆ ಎಂಬುದು ಆಮೇಲೆ ತಿಳಿಯಿತು. ಆದರೆ ಗುರಿಯನ್ನು ಮಾತ್ರ ಹುಡುಕಿ ಹೊಡೆದು, ಸುತ್ತಲಿನದನ್ನು ಮುಟ್ಟದ ಔಷಧ ಸಾಧ್ಯ ಎಂಬ ಯೋಚನೆ ಅಲ್ಲಿಂದಲೇ ಬೆಳೆಯಿತು. ಅದಕ್ಕೆ ಅವರು ಕೊಟ್ಟ ಹೆಸರು ಮಾಂತ್ರಿಕ ಗುಂಡು.

ಈಗ ನಿಮ್ಮ ಇಂಜೆಕ್ಷನ್ನಿಗೆ ಬನ್ನಿ. ಒದ್ದೆ ಎಎಂಡಿಯಲ್ಲಿ ಬೇಡದ ನಾಳಗಳನ್ನು ಬೆಳೆಸುವುದು ವಿಇಜಿಎಫ್ ಎಂಬ ಪ್ರೋಟೀನ್. ಒಂದೇ ಗುರಿಯ, ಒಂದೇ ಅಚ್ಚಿನ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿಧಾನ 1975ರಲ್ಲಿ ಬಂತು. ಇಂಥ ಪ್ರತಿಕಾಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ‘ಮ್ಯಾಬ್’. ಬೆವಾಸಿಝುಮ್ಯಾಬ್ ವಿಇಜಿಎಫ್ ಅನ್ನು ಹಿಡಿದಿಡುವ ಪೂರ್ಣ ಪ್ರತಿಕಾಯ. 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಅದು. ಕಣ್ಣಿಗೆಂದೇ ಮಾಡಿದ ರಾನಿಬಿಝುಮ್ಯಾಬ್ ಪ್ರತಿಕಾಯದ ಒಂದು ತುಣುಕು, ಬಂದದ್ದು 2006ರಲ್ಲಿ. 2022ರ ಫಾರಿಸಿಮ್ಯಾಬ್‌ಗೆ ಎರಡು ಗುರಿಗಳು. ಇವುಗಳ ನಡುವೆ ಅಫ್ಲಿಬರ್ಸೆಪ್ಟ್ ಮಾತ್ರ ಬೇರೆ ಜಾತಿ. ‘ಸೆಪ್ಟ್’ ಎಂದರೆ ರಿಸೆಪ್ಟರ್, ಅಂದರೆ ಜೀವಕೋಶದ ಕೊಂಡಿ. ಜೀವಕೋಶದ ಮೇಲೆ ವಿಇಜಿಎಫ್ ಸಿಕ್ಕಿಕೊಳ್ಳುವ ಕೊಂಡಿಯ ಭಾಗಗಳನ್ನೇ ಬಿಡಿಸಿ ಮಾಡಿದ ಔಷಧ ಅದು. ಕಣ್ಣಿನೊಳಗೆ ತೇಲುತ್ತಾ ವಿಇಜಿಎಫ್ ಜೀವಕೋಶ ಮುಟ್ಟುವ ಮೊದಲೇ ಹಿಡಿಯುತ್ತದೆ. 1897ರಲ್ಲಿ ಎರ್ಲಿಕ್ ಬರೆದ ಚಿತ್ರವನ್ನು ಯಾರೋ ಹಾಗೇ ಸೀಸೆಗೆ ತುಂಬಿದಂತೆ.

ಕಾಂಪ್ಲಿಮೆಂಟಿನ ಕಥೆ ಶುರುವಾದದ್ದೂ ಅದೇ ವರ್ಷಗಳಲ್ಲಿ. ಪ್ರತಿಕಾಯ ಅಂಟಿಕೊಂಡ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ, ರಕ್ತದಲ್ಲಿರುವ, ಕಾಯಿಸಿದರೆ ಕೆಡುವ ಇನ್ನೊಂದು ವಸ್ತುವೂ ಸೇರಬೇಕು ಎಂದು ಬೆಲ್ಜಿಯಮ್ಮಿನ ಜೂಲ್ಸ್ ಬೋರ್ಡೆ ತೋರಿಸಿದ್ದರು. ಎರ್ಲಿಕ್ ಮತ್ತು ಯೂಲಿಯಸ್ ಮೊರ್ಗೆನ್‌ರೋಥ್ ಅದರ ಬೆನ್ನುಹತ್ತಿದರು. ಪ್ರತಿಕಾಯದ ಕೆಲಸವನ್ನು ಪೂರ್ತಿಗೊಳಿಸುವ ವಸ್ತು ಎಂಬ ಅರ್ಥದಲ್ಲಿ ಕಾಂಪ್ಲಿಮೆಂಟ್ ಎಂದು ಹೆಸರಿಟ್ಟರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಬೋರ್ಡೆ ಮತ್ತು ಎರ್ಲಿಕ್ ವರ್ಷಗಟ್ಟಲೆ ಜಗಳವಾಡಿದರು. ಇಬ್ಬರಿಗೂ ಗೊತ್ತಿರದ ಸಂಗತಿ ಎಂದರೆ ಅದು ಒಂದು ವಸ್ತುವಲ್ಲ, ಒಂದರ ಹಿಂದೊಂದು ಎಚ್ಚರಗೊಳ್ಳುವ ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಸಾಲು. ದೇಹ ತನ್ನ ಮೇಲೆಯೇ ಆಯುಧ ಎತ್ತದಂತೆ ಒಂದು ತಡೆ ಇರಲೇಬೇಕು ಎಂದೂ ಎರ್ಲಿಕ್ ಹೇಳಿದ್ದರು.

ಆ ತಡೆಗಳಲ್ಲೊಂದು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಎಎಂಡಿಯೇ ಉದಾಹರಣೆ. 2005ರಲ್ಲಿ ಹಲವು ಸಂಶೋಧನಾ ತಂಡಗಳು ಒಂದೇ ಸಮಯಕ್ಕೆ ಒಂದೇ ಜೀನನ್ನು ತೋರಿಸಿದವು. ಕಾಂಪ್ಲಿಮೆಂಟಿಗೆ ಬ್ರೇಕ್ ಹಾಕುವ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನ ಜೀನ್ ಅದು. ಅದರ ಒಂದು ಬಗೆಯನ್ನು ಹೊತ್ತವರಿಗೆ ಎಎಂಡಿ ಬರುವ ಸಾಧ್ಯತೆ ಹೆಚ್ಚು. ಒಣ ಬಗೆ ಮುಂದುವರಿದು ಅಕ್ಷಿಪಟಲದಲ್ಲಿ ಸವೆದ ತೇಪೆಗಳು ಹರಡುವ ಹಂತಕ್ಕೆ 2023ರಲ್ಲಿ ಅಮೆರಿಕ ಎರಡು ಔಷಧಗಳನ್ನು ಒಪ್ಪಿತು: ಕಾಂಪ್ಲಿಮೆಂಟಿನ ಸಿ3 ಎಂಬ ಪ್ರೋಟೀನನ್ನು ತಡೆಯುವ ಪೆಗ್ಸೆಟಕೋಪ್ಲಾನ್, ಸಿ5 ಅನ್ನು ತಡೆಯುವ ಅವಾಸಿನ್‌ಕ್ಯಾಪ್ಟಾಡ್ ಪೆಗಾಲ್. ಇವು ತೇಪೆ ಹರಡುವ ವೇಗವನ್ನು ತಗ್ಗಿಸುತ್ತವೆ. ಹೋದ ದೃಷ್ಟಿಯನ್ನು ತರುವುದಿಲ್ಲ. ಒಣ ಕಣ್ಣು ಒದ್ದೆ ಬಗೆಗೆ ತಿರುಗುವ ಸಾಧ್ಯತೆ ಕೊಂಚ ಏರುತ್ತದೆ, ಅಪರೂಪಕ್ಕೆ ಅಕ್ಷಿಪಟಲದ ರಕ್ತನಾಳಗಳು ಉರಿಯೂತಕ್ಕೆ ಸಿಕ್ಕಿ ದೃಷ್ಟಿ ಕೆಟ್ಟದ್ದೂ ವರದಿಯಾಗಿದೆ. ಪೆಗ್ಸೆಟಕೋಪ್ಲಾನಿನ ಲಾಭ ಅಪಾಯಕ್ಕಿಂತ ದೊಡ್ಡದು ಎಂದು ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಒಪ್ಪಲಿಲ್ಲ. ವಿದೇಶದಲ್ಲಿರುವ ಮಗನೋ ಮಗಳೋ ವಾಟ್ಸಾಪಿನಲ್ಲಿ ಈ ಹೆಸರುಗಳನ್ನು ಕಳಿಸಿದರೆ, ನಿಮ್ಮ ರೆಟಿನಾ ತಜ್ಞರ ಜೊತೆ ಮಾತಾಡುವಾಗ ಎರಡೂ ಬದಿಯನ್ನು ಕೇಳಿ ತಿಳಿದುಕೊಳ್ಳಿ.

1908ರಲ್ಲಿ ಎರ್ಲಿಕ್ ಅವರಿಗೆ ಇಲ್ಯಾ ಮೆಚ್ನಿಕಾಫ್ ಜೊತೆ ನೊಬೆಲ್ ಬಂತು. ಅಷ್ಟರಲ್ಲಿ ಅವರು ಬೇರೆ ಕೆಲಸಕ್ಕೆ ಇಳಿದಾಗಿತ್ತು, ಮತ್ತು ಅಲ್ಲಿ ಕಣ್ಣು ಮತ್ತೆ ಎದುರಾಯಿತು. ಆಫ್ರಿಕಾದ ನಿದ್ರಾರೋಗಕ್ಕೆ ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧವನ್ನು ಕಾಕ್ ಬಳಸಿದ್ದರು. ಅದನ್ನು ಪಡೆದ ಕೆಲವರ ದೃಷ್ಟಿನರ ಹಾಳಾಗಿ ಅವರು ಕುರುಡರಾದರು. ರೋಗಾಣುವಿನ ಜೊತೆ ಕಣ್ಣನ್ನೂ ಸುಡುವ ಮದ್ದು ಎರ್ಲಿಕ್ ಅವರ ಲೆಕ್ಕದಲ್ಲಿ ಗುರಿ ತಪ್ಪಿದ ಗುಂಡು. ರಸಾಯನತಜ್ಞ ಆಲ್‌ಫ್ರೆಡ್ ಬೆರ್ಟ್‌ಹೈಮ್ ಜೊತೆ ಅಟಾಕ್ಸಿಲ್ಲಿನ ನಿಜವಾದ ರಚನೆ ಕಂಡುಕೊಂಡು, ಅದನ್ನು ಸ್ವಲ್ಪಸ್ವಲ್ಪ ಬದಲಿಸುತ್ತಾ ನೂರಾರು ಹೊಸ ವಸ್ತುಗಳನ್ನು ತಯಾರಿಸಿ ಪರೀಕ್ಷಿಸಿದರು. ಅವುಗಳಲ್ಲಿ 606 ಎಂಬ ಸಂಖ್ಯೆಯದ್ದು ಮೊದಲ ಪರೀಕ್ಷೆಯಲ್ಲಿ ಮೂಲೆಗೆ ಬಿದ್ದಿತ್ತು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೋ ಹಾಟಾ ಅದನ್ನು ಸಿಫಿಲಿಸ್ ಹತ್ತಿಸಿದ ಮೊಲಗಳ ಮೇಲೆ ಮತ್ತೆ ನೋಡಿದರು. ಹುಣ್ಣು ಮಾಯಿತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಮಾರಾಟಕ್ಕೆ ಬಿಡುವ ಮೊದಲು ಸುಮಾರು 65,000 ಡೋಸ್‌ಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ ಫಲಿತಾಂಶ ತರಿಸಿಕೊಂಡರು.

ಎರ್ಲಿಕ್ ಅವರ ಕನಸು ಒಂದೇ ದೊಡ್ಡ ಡೋಸ್. ಒಂದು ಇಂಜೆಕ್ಷನ್, ದೇಹ ಪೂರ್ತಿ ಶುದ್ಧ. ಹಾಗೆ ಆಗಲಿಲ್ಲ. ವಾಸಿಯಾದವರೆಂದು ಮನೆಗೆ ಹೋದವರಲ್ಲಿ ರೋಗ ಮರುಕಳಿಸಿತು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವ ಇಂಜೆಕ್ಷನ್‌ಗಳ ಸಾಲಾಯಿತು. ಗುಂಡು ನಿಜವಾಗಿಯೂ ಗುರಿ ಹಿಡಿದಿತ್ತು, ಆದರೆ ಒಂದೇ ಗುಂಡು ಸಾಲಲಿಲ್ಲ.

ಕಣ್ಣಿನ ಇಂಜೆಕ್ಷನ್ ಪಡೆಯುವವರಲ್ಲಿ ಬಹಳ ಜನ ನಡುದಾರಿಯಲ್ಲಿ ಕೈಬಿಡುವುದು ಇದೇ ತಪ್ಪು ನಿರೀಕ್ಷೆಯಿಂದ. ಮೂರು ಇಂಜೆಕ್ಷನ್ ಆಯಿತು, ಅಮ್ಮನಿಗೆ ಇನ್ನೂ ಪೇಪರ್ ಓದಲು ಆಗುತ್ತಿಲ್ಲ, ಇನ್ನು ಯಾಕೆ ಖರ್ಚು ಎಂದು ಮನೆಯವರು ಯೋಚಿಸುತ್ತಾರೆ. ಪ್ರತಿಕಾಯ ಇರುವ ವಿಇಜಿಎಫ್ ಅನ್ನು ಹಿಡಿಯುತ್ತದೆ, ಅದನ್ನು ತಯಾರಿಸುವ ಕಣ್ಣನ್ನು ಬದಲಿಸುವುದಿಲ್ಲ. ಕೆಲವು ವಾರಗಳಲ್ಲಿ ಔಷಧ ಕರಗಿಹೋಗುತ್ತದೆ, ವಿಇಜಿಎಫ್ ಮತ್ತೆ ತುಂಬುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಕೊಟ್ಟು, ಕಣ್ಣು ಒಣಗಿದ್ದನ್ನು ಸ್ಕ್ಯಾನಿನಲ್ಲಿ ನೋಡಿ, ಅಂತರವನ್ನು ನಿಧಾನವಾಗಿ ಹೆಚ್ಚಿಸುತ್ತಾರೆ. ರಾನಿಬಿಝುಮ್ಯಾಬಿನ 2006ರ ಒಂದು ದೊಡ್ಡ ಅಧ್ಯಯನದಲ್ಲಿ, ಪ್ರತಿ ತಿಂಗಳು ಇಂಜೆಕ್ಷನ್ ಪಡೆದ 100 ಜನರಲ್ಲಿ ಸುಮಾರು 95 ಮಂದಿ ಒಂದು ವರ್ಷದ ಕೊನೆಗೆ ದೊಡ್ಡ ಮಟ್ಟದ ದೃಷ್ಟಿ ನಷ್ಟದಿಂದ ಪಾರಾಗಿದ್ದರು. ಔಷಧ ಪಡೆಯದವರಲ್ಲಿ ಆ ಸಂಖ್ಯೆ ಸುಮಾರು 62. ಚೆನ್ನಾಗಿಯೇ ಸುಧಾರಿಸಿದವರು ಮೂವರಲ್ಲಿ ಒಬ್ಬರು. ಅಂದರೆ ಹೆಚ್ಚಿನವರ ಪಾಲಿಗೆ ಇಂಜೆಕ್ಷನ್ನಿನ ಲಾಭ ಕಣ್ಣಿಗೆ ಕಾಣುವಂಥದ್ದಲ್ಲ, ಆಗದೆ ಉಳಿದ ನಷ್ಟ. ಖರ್ಚಿನ ಚಿಂತೆಯಿದ್ದರೆ ಇಂಜೆಕ್ಷನ್ ನಿಲ್ಲಿಸುವ ಮುನ್ನ ವೈದ್ಯರಿಗೆ ಬಾಯಿಬಿಟ್ಟು ಹೇಳಿ. 2011ರಲ್ಲಿ ಅಮೆರಿಕದ ಒಂದು ಹೋಲಿಕೆ ಅಧ್ಯಯನದಲ್ಲಿ, ಅಗ್ಗದ ಬೆವಾಸಿಝುಮ್ಯಾಬ್ ದೃಷ್ಟಿ ಉಳಿಸುವುದರಲ್ಲಿ ರಾನಿಬಿಝುಮ್ಯಾಬಿಗೆ ಸಮವೆಂದು ಕಂಡಿತು.

ಸಾಲ್ವರ್ಸಾನ್ ಗಾಳಿ ಸೋಕಿದರೆ ಕೆಡುವ ಪುಡಿ. ಮುಚ್ಚಿದ ಗಾಜಿನ ಆಂಪೂಲಿನಲ್ಲಿ ಬರುತ್ತಿತ್ತು, ಕೊಡುವ ಹೊತ್ತಿಗೆ ಸರಿಯಾಗಿ ಕರಗಿಸಬೇಕಿತ್ತು. ಹೇಗೆ ಎಂದು ಎರ್ಲಿಕ್ ಪಟ್ಟುಹಿಡಿದು ಬರೆದು ಕಳಿಸುತ್ತಿದ್ದರು. ಅಜಾಗರೂಕತೆಯಿಂದ ಕೊಟ್ಟ ಕಡೆಯ ಅನಾಹುತದ ದೂರೂ ಅವರ ತಲೆಗೇ ಬರುತ್ತಿತ್ತು. ಬೆವಾಸಿಝುಮ್ಯಾಬಿನ ವಿಷಯದಲ್ಲೂ ಕೈಯ ಶುದ್ಧಿ ಇಷ್ಟೇ ಮುಖ್ಯ. ಕ್ಯಾನ್ಸರಿಗೆಂದು ಬರುವ 4 ಮಿಲಿಲೀಟರಿನ ಸೀಸೆಯಿಂದ ಒಂದು ಕಣ್ಣಿಗೆ ಬೇಕಾಗುವುದು 0.05 ಮಿಲಿಲೀಟರ್ ಮಾತ್ರ. ಒಂದು ಸೀಸೆಯನ್ನು ಹಲವರಿಗೆ ಹಂಚುವ ಕೆಲಸ ಪೂರ್ತಿ ಕ್ರಿಮಿರಹಿತವಾಗಿ ನಡೆಯಬೇಕು. ಎಲ್ಲಿ, ಹೇಗೆ ಹಂಚುತ್ತೀರಿ ಎಂದು ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ. ಯಾವ ಔಷಧವೇ ಇರಲಿ, ಇಂಜೆಕ್ಷನ್ ಆದ ನಂತರದ ದಿನಗಳಲ್ಲಿ ನೋವು ಹೆಚ್ಚುತ್ತಿದ್ದರೆ, ಕಣ್ಣು ಕೆಂಪೇರುತ್ತಿದ್ದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಸುಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣೊಳಗಿನ ಸೋಂಕು ಅಪರೂಪ, ಆದರೆ ಅದು ಬೆಳಗಾಗುವವರೆಗೆ ಕಾಯುವುದಿಲ್ಲ.

ಕೊನೆಯ ವರ್ಷಗಳು ಎರ್ಲಿಕ್ ಅವರಿಗೆ ಸುಖದ್ದಾಗಿರಲಿಲ್ಲ. ಸಾಲ್ವರ್ಸಾನ್ ವಿಷ, ಅವರು ದುಡ್ಡಿಗಾಗಿ ಜನರ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂದು ಅಪಪ್ರಚಾರ ನಡೆಯಿತು. 1914ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯದಲ್ಲಿ ಅವರೂ ಸಾಕ್ಷಿ ಹೇಳಬೇಕಾಯಿತು. ಆರೋಪ ಹೊರಿಸಿದವನಿಗೆ ಒಂದು ವರ್ಷ ಜೈಲಾಯಿತು. ಆ ಬೇಸಗೆಯಲ್ಲೇ ಮಹಾಯುದ್ಧ ಶುರುವಾಯಿತು. 1915ರ ಆಗಸ್ಟ್ 20ರಂದು ಬಾಡ್ ಹೊಂಬುರ್ಗ್ ಎಂಬ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 61.

ಫ್ರಾಂಕ್‌ಫರ್ಟಿನ ಯಹೂದಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ನಾಜಿಗಳು ಬಂದ ಮೇಲೆ ಅವರ ಹೆಸರಿನ ರಸ್ತೆಯ ಹೆಸರು ಬದಲಾಯಿತು, ಹೆಡ್ವಿಗ್ ದೇಶ ಬಿಟ್ಟು ಮೊದಲು ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಯುದ್ಧ ಮುಗಿದು ದಶಕಗಳಾದ ಮೇಲೆ ಜರ್ಮನಿ ತನ್ನ 200 ಮಾರ್ಕಿನ ನೋಟಿನಲ್ಲಿ ಎರ್ಲಿಕ್ ಅವರ ಮುಖವನ್ನು ಅಚ್ಚು ಹಾಕಿಸಿತು. ನೋಟಿನ ಹಿಂಬದಿಯಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು.